ಬಾಂದಾರ ನಿಮ್ಮದು

ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದೆವು. ಬೆಳಗಾವಿಯಿಂದ ಹೈದರಾಬಾದು, ಅಲ್ಲಿಂದ ಕಾಶಿ. ಬಾಗಿಲು ಮುಚ್ಚಿ, ಸೊಂಟಕ್ಕೆ ಪಟ್ಟಿ ಬಿಗಿದು, ಇನ್ನೇನು ಹಾರಿತು ಅನ್ನುವಷ್ಟರಲ್ಲಿ ವಿಮಾನ ನಾಲ್ಕು ಮಾರು ಉರುಳಿ ನಿಂತುಬಿಟ್ಟಿತು. ಹೊರಗೆ ದಟ್ಟ ಮಂಜು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕಂಟ್ರೋಲ್ ಟವರಿನ ಅಪ್ಪಣೆಗೆ ಕಾಯುತ್ತಿದ್ದೇವೆ ಎಂದು ಪೈಲಟ್ಟು ಮೈಕಿನಲ್ಲಿ ಹೇಳಿದ. ಮುಂದಿನ ಸೀಟಿನಲ್ಲಿದ್ದ ಕೋಟಿನ ಮನುಷ್ಯ ಇಡೀ ವಿಮಾನಕ್ಕೆ ಕೇಳುವಂತೆ ಗೊಣಗತೊಡಗಿದ. ರನ್‌ವೇ ಖಾಲಿ ಬಿದ್ದಿದೆಯಂತೆ, ಆಕಾಶ ಖಾಲಿ ಬಿದ್ದಿದೆಯಂತೆ, ಟವರಿನಲ್ಲಿ ಕೂತವರು ಚಹಾ ಕುಡಿಯುತ್ತಿದ್ದಾರಂತೆ.

ಅಷ್ಟು ಮಂಜಿನಲ್ಲಿ ಆಕಾಶ ಖಾಲಿ ಇರುವುದು ಇವನಿಗೆ ಹೇಗೆ ಕಂಡಿತೋ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಯಾಕೆಂದರೆ ಮೂವತ್ತೈದು ವರ್ಷದ ಹಿಂದೆ ನಾನೂ ಹೀಗೆಯೇ ಗೊಣಗಿದವನು. ನನ್ನ ಗೊಣಗಾಟ ಬಿಡಿಸಿದ್ದು ಒಂದು ಕಬ್ಬಿನ ಹಂಗಾಮು, ಒಂದು ಬಾಂದಾರ, ಮತ್ತು ಇಪ್ಪತ್ತು ವರ್ಷ ವಿಮಾನ ಕಾದು ಒಂದು ಸಲವೂ ವಿಮಾನ ಹತ್ತದ ಒಬ್ಬ ಮನುಷ್ಯ. ಹೆಂಡತಿ ಆಗಲೇ ನಿದ್ದೆ ಹೋಗಿದ್ದಳು. ಯಾವ ಗಾಡಿ ನಿಂತರೂ ಅವಳಿಗೆ ನಿದ್ದೆ ಬರುತ್ತದೆ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಮಂಜು ನಮ್ಮ ಹೊಳೆಯ ಮಂಜಿನ ಹಾಗೆಯೇ ಇತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೃಷಿ ಡಿಪ್ಲೊಮಾ ಮಾಡಿಕೊಂಡ ನಾನು ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿದ್ದೆ. ಫೀಲ್ಡ್‌ಮನ್ ಅಂದರೆ ಯಾರ ಹೊಲದ ಕಬ್ಬು ಯಾವ ದಿನ ಕಡಿಯಬೇಕೆಂದು ಚೀಟಿ ಕೊಡುವವನು. ಹಂಗಾಮು ಶುರುವಾಗುವ ತನಕ ಅವನಿಗೆ ಎಲ್ಲರೂ ಚಹಾ ಕುಡಿಸುತ್ತಾರೆ, ಶುರುವಾದ ಮೇಲೆ ಎಲ್ಲರೂ ಬಯ್ಯುತ್ತಾರೆ. ಕಾರ್ಖಾನೆ ಹೊಳೆಯ ಈಚೆ ದಂಡೆಗಿತ್ತು, ನನಗೆ ವಹಿಸಿದ ಕಬ್ಬು ಆಚೆ ದಂಡೆಗಿತ್ತು. ನಡುವೆ ಕೃಷ್ಣೆ. ಯಡೂರಿನಿಂದ ಸ್ವಲ್ಪ ದೂರದಲ್ಲಿ ನೀರು ನಿಲ್ಲಿಸಲು ಕಟ್ಟಿದ ಒಂದು ಬಾಂದಾರ, ಅದರ ನೆತ್ತಿಯ ಮೇಲೆ ಒಂದೇ ಗಾಡಿ ಹಿಡಿಸುವಷ್ಟು ದಾರಿ. ಪಕ್ಕಕ್ಕೆ ತಡೆಗೋಡೆ ಇಲ್ಲ. ಒಂದು ಮಗ್ಗುಲಿಗೆ ತುಂಬಿ ನಿಂತ ನೀರು, ಇನ್ನೊಂದು ಮಗ್ಗುಲಿಗೆ ಬಂಡೆ. ಕಟ್ಟಿದವರು ನೀರಿಗಾಗಿ ಕಟ್ಟಿದ್ದರು. ಅದರ ಮೇಲೆ ಕಬ್ಬು ದಾಟಿಸುವ ಚಟ ನಮ್ಮ ಜನಕ್ಕೆ ತಾನಾಗಿ ಹತ್ತಿತ್ತು.

ಹಂಗಾಮಿನ ಮೊದಲ ವಾರದಲ್ಲೇ ಬಾಂದಾರದ ನಟ್ಟನಡುವೆ ಎರಡು ಟ್ರ್ಯಾಕ್ಟರು ಮುಖಾಮುಖಿಯಾದವು. ಆಚೆಯಿಂದ ಬಂದದ್ದು ಕಬ್ಬು ತುಂಬಿದ್ದು, ಈಚೆಯಿಂದ ಹೋದದ್ದು ಖಾಲಿ. ಎರಡಕ್ಕೂ ಹಿಂದೆ ಎರಡೆರಡು ಟ್ರೇಲರು. ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತಳ್ಳುವುದು ಸುಲಭವಲ್ಲ. ಹಿಂದಿನ ಟ್ರೇಲರು ತನಗೆ ಮನಸ್ಸು ಬಂದ ಕಡೆ ಸೊಟ್ಟಗಾಗುತ್ತದೆ. ಅಷ್ಟಾದರೂ ಬಿಚ್ಚಿ ಒಂದೊಂದಾಗಿ ಎಳೆದುಕೊಳ್ಳಬಹುದಿತ್ತು. ಆದರೆ ಯಾರು ಮೊದಲು ಬಿಚ್ಚಬೇಕು ಅನ್ನುವುದು ಎರಡು ಊರಿನ ಮಾನದ ಪ್ರಶ್ನೆಯಾಯಿತು. ಎರಡೂ ಊರಿನ ಹಿರಿಯರು ಬಂದರು, ಬಂದವರಿಗೆ ರೊಟ್ಟಿ ಬುತ್ತಿ ಬಂತು, ಬುತ್ತಿ ಉಂಡವರಿಗೆ ಎಲೆಯಡಿಕೆ ಬಂತು. ಮರುದಿನ ಮಧ್ಯಾಹ್ನದ ತನಕ ಹೊಳೆ ದಾಟಿದ್ದು ಗಾಳಿಯೊಂದೇ. ಕಬ್ಬಿಲ್ಲದೆ ಕಾರ್ಖಾನೆಯ ಗಾಣ ನಿಂತಿತು. ಕಬ್ಬಿನ ಅಧಿಕಾರಿಗಳು ನನ್ನನ್ನು ಕರೆಸಿ, ಇನ್ನೊಮ್ಮೆ ಹೀಗಾದರೆ ಊರಿಗೆ ಹೋಗಿ ಎಮ್ಮೆ ಕಾಯಿ ಅಂದರು.

ಅವರಿಗೆ ಗೊತ್ತಿರದ ಇನ್ನೊಂದು ಸಂಗತಿ ಇತ್ತು. ಆಚೆ ದಂಡೆಯಲ್ಲಿ ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ರಾಯಗೌಡರೆಂಬ ದೊಡ್ಡ ಮನುಷ್ಯರು. ಅವರ ಮಗಳು ಸುನಂದಾ, ಚಿಕ್ಕೋಡಿಯಲ್ಲಿ ಪಿಯುಸಿ ಓದಿದವಳು. ನಮ್ಮವ್ವ ಅವಳನ್ನು ಯಡೂರಿನ ವೀರಭದ್ರನ ಗುಡಿಯಲ್ಲಿ ನೋಡಿ, ಪ್ರದಕ್ಷಿಣೆ ಮುಗಿಸುವ ಮೊದಲೇ ಸೊಸೆ ಎಂದು ಗೊತ್ತುಮಾಡಿಬಿಟ್ಟಿದ್ದಳು. ಮಾತು ಕಳಿಸಿಯೂ ಆಗಿತ್ತು. ಗೌಡರು ಒಲ್ಲೆ ಅನ್ನಲಿಲ್ಲ, ಆಗಲಿ ಅನ್ನಲಿಲ್ಲ. ಹಂಗಾಮು ಮುಗೀಲಿ, ಹುಡುಗ ಹೆಂಗ ಅದಾನ ನೋಡೂಣು ಅಂದಿದ್ದರು. ಹೀಗಾಗಿ ಆ ವರ್ಷ ನಾನು ಕಬ್ಬು ಸಾಗಿಸುತ್ತಿರಲಿಲ್ಲ, ಆರು ತಿಂಗಳ ಒಂದು ಉದ್ದನೆಯ ಪರೀಕ್ಷೆ ಬರೆಯುತ್ತಿದ್ದೆ.

ಅಧಿಕಾರಿಗಳಿಂದ ಬೈಸಿಕೊಂಡು ಬಂದ ದಿನ ಬಾಂದಾರದ ಬಾಯಲ್ಲಿದ್ದ ಚಹಾದ ಅಂಗಡಿಯಲ್ಲಿ ಕೂತು ನಾನು ದೇವರನ್ನೂ ಡ್ರೈವರುಗಳನ್ನೂ ಕೂಡಿಯೇ ಬೈಯುತ್ತಿದ್ದೆ. ಮೂಲೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡ, ಗಡಿಯಾರವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟಿಕೊಂಡ ನಲವತ್ತು ದಾಟಿದ ಮನುಷ್ಯನೊಬ್ಬ ಕೇಳುತ್ತ ಕೂತಿದ್ದ. ನಾನು ಮುಗಿಸಿದ ಮೇಲೆ ಮೆಲ್ಲಗೆ ಅಂದ:

"ಅದು ಬಾಂದಾರ ಅಲ್ಲ ಬಸಣ್ಣ, ರನ್‌ವೇ. ರನ್‌ವೇ ಮ್ಯಾಲ ಒಂದ ಹೊತ್ತಿಗೆ ಒಂದ ಗಾಡಿ. ಇಷ್ಟ ಐತಿ ನೋಡು."

ಇವನೇ ಮಾಳಪ್ಪ. ಕುರಿ ಕಾಯುವ ಮನೆತನ. ಅಣ್ಣ ಬೀರಪ್ಪ ಇನ್ನೂ ಕುರಿ ಕಾಯುತ್ತಿದ್ದ, ತಮ್ಮನಾದ ಇವನು ಏರ್‌ಫೋರ್ಸಿಗೆ ಸೇರಿ ಕಂಟ್ರೋಲ್ ಟವರುಗಳಲ್ಲಿ ಇಪ್ಪತ್ತು ವರ್ಷ ಕಳೆದು ಅದೇ ತಾನೇ ಪಿಂಚಣಿ ತಗೊಂಡು ಬಂದಿದ್ದ. ಊರವರು ಟವರ್ ಕಾಕಾ ಅನ್ನುತ್ತಿದ್ದರು. ವಿಮಾನದೊಳಗೆ ಹೆಂಗ ಇರತೈತಿ ಕಾಕಾ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದ. ರಜೆಗೆ ಊರಿಗೆ ಬಂದದ್ದೆಲ್ಲ ರೈಲಿನಲ್ಲಿ, ಮೀರಜಿನಿಂದ ಮುಂದೆ ಎಸ್ಟಿ ಬಸ್ಸಿನಲ್ಲಿ. ನಾನು ಮೇಲೆ ಹೋದರೆ ಕೆಳಗೆ ಯಾರು ನೋಡುವವರು ಎಂಬುದು ಅವನ ಸಮಜಾಯಿಷಿ.

ಕಂಟ್ರೋಲರ್ ಎಂಬ ಹುದ್ದೆ ಸಕ್ಕರೆ ಕಾರ್ಖಾನೆಯಲ್ಲಿ ಇರಲಿಲ್ಲವಾದ್ದರಿಂದ ಕಾಕಾನನ್ನು ವಾಚಮನ್ ಎಂದು ಕೆಲಸಕ್ಕೆ ಹಚ್ಚಿಕೊಂಡೆವು. ಅವನಿಗೆ ಬೇಸರವಿರಲಿಲ್ಲ, ನೋಡುವ ಕೆಲಸವೇ ತಾನೇ ಅಂದ. ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟುತ್ತಾರಲ್ಲ, ಅಂಥದೊಂದು ಅಟ್ಟಣಿಗೆ ಬಾಂದಾರದ ಈಚೆ ಬಾಯಲ್ಲಿ ಎದ್ದಿತು. ಬೆಳಗಾವಿಯ ಗುಜರಿಯಿಂದ ಕೈಯಲ್ಲಿ ತಿರುವುವ ಎರಡು ಹಳೆಯ ಮಿಲಿಟರಿ ಫೋನು ಬಂದವು. ಒಂದು ಅಟ್ಟಣಿಗೆಯ ಮೇಲೆ, ಇನ್ನೊಂದು ಆಚೆ ದಂಡೆಯಲ್ಲಿ ರಾಯಗೌಡರ ಪಂಪ್‌ಮನೆಯಲ್ಲಿ. ಅಟ್ಟಣಿಗೆಯ ಕಂಬಕ್ಕೆ ಶಾಲೆಯ ಗಂಟೆಯ ಹಾಗೆ ಒಂದು ರೈಲು ಕಂಬಿಯ ತುಂಡು ನೇತುಬಿತ್ತು. ಅದನ್ನು ಮೂರು ಸಲ ಬಡಿದರೆ ಬಾಂದಾರದ ಮೇಲೆ ಇದ್ದವರು ಇದ್ದಲ್ಲೇ ನಿಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹಲಗೆ. ದ್ರಾಕ್ಷಿ ಪೆಟ್ಟಿಗೆಯ ಕಟ್ಟಿಗೆಯಿಂದ ಮಾಡಿದ ಹಲಗೆಯಲ್ಲಿ ಮೂರು ಅಂಕಣ. ಬರುವ ಪ್ರತಿ ಗಾಡಿಗೂ ಒಂದು ಚೀಟಿ: ಯಾರದು, ಎಷ್ಟು ಟ್ರೇಲರು, ಯಾವ ಕಡೆಗೆ. ಚೀಟಿ ಮೊದಲ ಅಂಕಣದಲ್ಲಿದ್ದರೆ ಕಾಯುತ್ತಿದೆ, ನಡುವಿನದರಲ್ಲಿದ್ದರೆ ಬಾಂದಾರದ ಮೇಲಿದೆ, ಮೂರನೆಯದರಲ್ಲಿದ್ದರೆ ದಾಟಿಹೋಯಿತು. ನಡುವಿನ ಅಂಕಣದಲ್ಲಿ ಒಂದು ಚೀಟಿ ಇದ್ದರೆ ಇನ್ನೊಂದನ್ನು ಇಡಲು ಜಾಗವೇ ಇಲ್ಲದ ಹಾಗೆ ಬಡಿಗನಿಂದ ಕೆತ್ತಿಸಿದ್ದ. ಟವರುಗಳಲ್ಲಿ ಒಂದೊಂದು ವಿಮಾನಕ್ಕೂ ಹೀಗೆಯೇ ಒಂದು ಚೀಟಿ ಇರುತ್ತದಂತೆ. ಕಣ್ಣು ಮೋಸ ಹೋಗಬಹುದು, ನೆನಪು ಕೈ ಕೊಡಬಹುದು, ಚೀಟಿ ಇದ್ದಲ್ಲೇ ಇರುತ್ತದೆ ಎಂದು ಕಾಕಾ ಹೇಳುತ್ತಿದ್ದ.

ಮೊದಮೊದಲು ಜನ ಚೇಷ್ಟೆ ಮಾಡಿದರು. ಆಡಿನ ಮರಿ ಹಿಡಿದುಕೊಂಡು ಬಂದವನೊಬ್ಬ, ನನ್ನ ವಿಮಾನ ಇಳಿಯಬಹುದೇನು ಕಾಕಾ ಎಂದು ಕೇಳಿದ. ಕಾಕಾ ನಗದೆ ಅವನಿಗೂ ಒಂದು ಚೀಟಿ ಬರೆದು ಕಾಯಿಸಿದ. ದೊಡ್ಡ ಟ್ರ್ಯಾಕ್ಟರು ಹೋದ ಹಿಂದೆಯೇ ಎತ್ತಿನ ಚಕ್ಕಡಿ ಬಿಡುತ್ತಿರಲಿಲ್ಲ. ದೊಡ್ಡ ವಿಮಾನದ ಹಿಂದೆ ಗಾಳಿ ಸುಳಿ ತಿರುಗುತ್ತದೆ, ಸಣ್ಣದು ಅದಕ್ಕೆ ಸಿಕ್ಕರೆ ಮಗುಚುತ್ತದೆ, ಇಲ್ಲಿ ಹೊಗೆಗೆ ಎತ್ತು ಬೆದರುತ್ತವೆ ಎಂದು ಲೆಕ್ಕ ಹೇಳುತ್ತಿದ್ದ. ದಿನ ತುಂಬಿದ ಬಸುರಿ ಬಂದರೆ ಮಾತ್ರ ಸಾಲು ಮುರಿಯುತ್ತಿದ್ದ. ಅವನ ಜಾಗಕ್ಕೆ ನಾನು ಕೂಡುವುದಾದರೆ ಮೊದಲು ಕಾಲು ತಾಸು ಪಕ್ಕದಲ್ಲಿ ಸುಮ್ಮನೆ ಕೂತು ಹಲಗೆ ನೋಡಬೇಕು, ಯಾವ ಚೀಟಿ ಯಾಕೆ ಅಲ್ಲಿದೆ ಎಂದು ಹೇಳಬೇಕು, ಆಮೇಲೆಯೇ ಎದ್ದು ಜಾಗ ಕೊಡುತ್ತಿದ್ದ.

ಒಂದು ದಿನ ಕಾರ್ಖಾನೆಯ ಡೈರೆಕ್ಟರ ಒಬ್ಬರ ಜೀಪು ಬಂತು. ಆಚೆಯಿಂದ ಒಂದು ಹಿಂಡು ಎಮ್ಮೆ ದಾಟುತ್ತಿತ್ತು. ಎಮ್ಮೆಗಳು ಯಾವತ್ತಿನ ಹಾಗೆ ನಡುವೆ ನಿಂತು ಹೊಳೆ ನೋಡುತ್ತಿದ್ದವು. ನಾನು ಯಾರು ಗೊತ್ತೇನು ಎಂದು ಡೈರೆಕ್ಟರು ಗುಡುಗಿದರು. ಕಾಕಾ ಅಟ್ಟಣಿಗೆಯಿಂದ ಇಳಿದು ಬಂದು ಸಲ್ಯೂಟ್ ಹೊಡೆದ.

"ಗೊತ್ತೈತ್ರಿ ಸಾಹೇಬ್ರ. ಆದ್ರ ನಿಮ್ಮ ಜೀಪಿಗೆ ಬ್ರೇಕ್ ಐತಿ, ಎಮ್ಮಿಗಿಲ್ಲ."

ಡೈರೆಕ್ಟರು ಇಪ್ಪತ್ತು ನಿಮಿಷ ಜೀಪಿನಲ್ಲಿ ಕೂತರು. ಮೇಲೆ ಹೇಳಿದೆನಲ್ಲ, ನಾನೂ ಗೊಣಗಿದವನೇ ಎಂದು. ಆವತ್ತು ಕಾಕಾನ ಕೆಲಸ ಹೋಯಿತು, ಅದರ ಹಿಂದೆ ನನ್ನದೂ ಹೋಯಿತು ಎಂದು ಅವನೆದುರಿಗೇ ಬಾಯಿಗೆ ಬಂದದ್ದು ಅಂದೆ. ಕೆಲಸ ಹೋಗಲಿಲ್ಲ. ಮುಂದೆ ಆ ಡೈರೆಕ್ಟರು ತಾವೇ ಹಾರ್ನು ಹೊಡೆಯದೆ ಚೀಟಿ ಕೇಳುತ್ತಿದ್ದರು.

ಕಾಕಾ ಎಲ್ಲವನ್ನೂ ಗೆದ್ದ. ಒಂದರಲ್ಲಿ ಮಾತ್ರ ನಮ್ಮ ಜನ ಅವನಿಗೆ ನೀರು ಕುಡಿಸಿದರು. ಟವರಿನವರು ಏನು ಹೇಳಿದರೂ ಪೈಲಟ್ಟು ಅದನ್ನು ಅಕ್ಷರಕ್ಕೆ ಅಕ್ಷರ ತಿರುಗಿ ಹೇಳಬೇಕು. ತಪ್ಪು ಹೇಳಿದರೆ ಟವರಿನವರು ತಿದ್ದಬೇಕು. ತಿರುಗಿ ಹೇಳುವ ತನಕ ಅಪ್ಪಣೆ ಕೊಟ್ಟಂತೆಯೇ ಅಲ್ಲ. ಇದು ಕಾಕಾನ ಧರ್ಮ. ನಮ್ಮ ಧರ್ಮ ಬೇರೆ. ಹಿರಿಯರು ಹೇಳಿದ್ದನ್ನು ಅವರೆದುರಿಗೇ ತಿರುಗಿ ಹೇಳಿದರೆ ನಮ್ಮಲ್ಲಿ ಅದಕ್ಕೆ ಅಣಕ ಅನ್ನುತ್ತಾರೆ. ಏನಂದಿರಿ ಎಂದು ಮತ್ತೆ ಕೇಳುವುದು ಉದ್ಧಟತನ. ಹಿರಿಯರು ಬಾಯಿ ತೆಗೆಯುವ ಮೊದಲೇ ಹೂಂ ರಿ ಅಂದುಬಿಡುವುದು ಸಂಸ್ಕಾರ. ಅವರು ಏನು ಹೇಳಿದರೆಂದು ಆಮೇಲೆ ಮನೆಗೆ ಹೋಗಿ ನಾಲ್ಕು ಜನ ಕೂತು ಯೋಚಿಸುತ್ತೇವೆ. ಪ್ರಾಯದ ಡ್ರೈವರನೊಬ್ಬ ಕಾಕಾ ಕಲಿಸಿದ ಹಾಗೆ ತನ್ನ ಸೋದರಮಾವನ ಮಾತನ್ನು ತಿರುಗಿ ಹೇಳಿ, ಅಣಕಸ್ತೀಯೇನಲೇ ಎಂದು ಬೈಸಿಕೊಂಡು ಒಂದು ವಾರ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ.

ಇಡೀ ಹೊಳೆಸಾಲಿನಲ್ಲಿ ತಪ್ಪದೆ ತಿರುಗಿ ಹೇಳುತ್ತಿದ್ದವರು ಇಬ್ಬರೇ. ಒಬ್ಬ ಗೌಡರ ಟ್ರ್ಯಾಕ್ಟರಿನ ಡ್ರೈವರ ದಗಡು. ಅವನು ಮರಾಠಿಯವನು, ಕಾಕಾನ ಮಾತು ಅರ್ಧ ತಿಳಿಯುತ್ತಿರಲಿಲ್ಲವಾದ್ದರಿಂದ ಖಾತ್ರಿ ಮಾಡಿಕೊಳ್ಳಲೇಬೇಕಾಗಿತ್ತು. ಇನ್ನೊಬ್ಬಳು ಸುನಂದಾ.

ಗೌಡರು ಒಂಬತ್ತರ ತನಕ ಪೂಜೆಗೆ ಕೂಡುತ್ತಿದ್ದರು. ಅಲ್ಲಿಯ ತನಕ ಪಂಪ್‌ಮನೆಯಲ್ಲಿ ಕಬ್ಬಿನ ಲೆಕ್ಕ ಬರೆಯಲು ಮಗಳು ಬರುತ್ತಿದ್ದಳು. ಬೆಳಗಿನ ಪಾಳಿ ನನ್ನದು. ಈಚೆಯಿಂದ ಗಾಡಿ ಬಿಡುವಾಗ ನಾನು ಫೋನು ತಿರುವಿ, ಒಂದು ಟ್ರ್ಯಾಕ್ಟರು, ಎರಡು ಖಾಲಿ ಟ್ರೇಲರು, ಆ ಕಡೆಯಿಂದ ಯಾರನ್ನೂ ಬಿಡಬಾರದು ಅನ್ನುತ್ತಿದ್ದೆ. ಆ ಕಡೆಯಿಂದ ಒಂಚೂರೂ ಅವಸರವಿಲ್ಲದ ದನಿ ಬರುತ್ತಿತ್ತು.

"ಟ್ರ್ಯಾಕ್ಟರ ಒಂದು, ಖಾಲಿ ಟ್ರೇಲರ ಎರಡು. ಈ ಕಡಿಂದ ಯಾರನ್ನೂ ಬಿಡೂದಿಲ್ಲ. ಬಾಂದಾರ ನಿಮ್ಮದು."

ಕೊನೆಯ ಆ ಎರಡು ಶಬ್ದ ಅವಳದೇ ಸೇರಿಕೆ. ಕಾಕಾನಿಗೂ ಹಿಡಿಸಿ, ನಿಯಮದಲ್ಲಿ ಸೇರಿಸಿಕೊಂಡ. ಮದುವೆಗೆ ಮುಂಚೆ ನಾನೂ ಅವಳೂ ಆಡಿದ ಮಾತೆಲ್ಲ ಇಷ್ಟೇ. ಬೇರೆಯವರು ಹೂವು, ಚಂದ್ರ ಎಂದು ಏನೇನೋ ಆಡಿಕೊಳ್ಳುತ್ತಾರಂತೆ. ನಾವು ಟ್ರೇಲರು ಎಣಿಸಿಕೊಂಡೆವು. ಆದರೂ ದಿನಕ್ಕೆ ಮೂವತ್ತು ಸಲ ಬಾಂದಾರ ನಿಮ್ಮದು ಎಂದು ಕೇಳಿಸಿಕೊಂಡ ಮನುಷ್ಯ ಸುಮ್ಮನೆ ಇರಲು ಸಾಧ್ಯವೇ? ಒಮ್ಮೊಮ್ಮೆ ಕೇಳಲಿಲ್ಲ ಎಂದು ಸುಳ್ಳು ಹೇಳಿ ಎರಡನೆಯ ಸಲ ಹೇಳಿಸುತ್ತಿದ್ದೆ. ಕಾಕಾ ಒಂದು ಸಲ ಕಣ್ಣೆತ್ತಿ ನೋಡಿ, ತಿಳಿಯದಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ, ತಿಳಿದೂ ಕೇಳುವವನನ್ನು ನಾವು ಟವರಿನಿಂದ ಇಳಿಸುತ್ತೇವೆ ಅಂದ.

ಡಿಸೆಂಬರು ಬಂತು, ಮಂಜು ಬಂತು. ಹೊಳೆಯ ಮೇಲಿನಿಂದ ಎದ್ದ ಮಂಜು ಎಂಟೂವರೆಯ ತನಕ ಕದಲುತ್ತಿರಲಿಲ್ಲ. ಅಟ್ಟಣಿಗೆಯಿಂದ ಬಾಂದಾರದ ಎರಡನೆಯ ಕಂಬ ಕಂಡರೆ ಹೆಚ್ಚು. ಎಲ್ಲೋ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಸುಟ್ಟ ಹೊಗೆ ಮಂಜಿನೊಳಗೆ ಸೇರಿ ಮೂಗಿಗೆ ಸಿಹಿಯಾಗಿ, ಕಣ್ಣಿಗೆ ಖಾರವಾಗಿ ಇರುತ್ತಿತ್ತು. ಕಾಣುವಾಗ ಯಾರು ಬೇಕಾದರೂ ಕಂಟ್ರೋಲರ್ ಆಗಬಹುದು, ಕಾಣದಾಗ ಮಾತೊಂದೇ ಕಣ್ಣು ಎಂದು ಕಾಕಾ ನನಗೆ ದಿನಾ ಹೇಳಿದ. ನಾನು ದಿನಾ ಹೂಂ ಅಂದೆ.

ಅಂಥ ಒಂದು ಬೆಳಿಗ್ಗೆ ಕಾಕಾನ ಅಣ್ಣ ಬೀರಪ್ಪ ಕುರಿ ಹಿಂಡಿನೊಂದಿಗೆ ಈಚೆ ದಂಡೆಗೆ ಬಂದ. ಕಬ್ಬು ಕಡಿದ ಗೌಡರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡ್ರಿಸಬೇಕಾಗಿತ್ತು, ಕರೆಸಿದವರು ಗೌಡರೇ. ಇನ್ನೂರು ಕುರಿ, ಬೀರಪ್ಪನ ಕಂಬಳಿಯೊಳಗೆ ಹಿಂದಿನ ದಿನ ಹುಟ್ಟಿದ ಒಂದು ಮರಿ. ಮಂಜು ಹೆಚ್ಚೆಂದು ಅವತ್ತು ನನ್ನ ಪಾಳಿಗೂ ತಾನೇ ಕೂತಿದ್ದ ಕಾಕಾ ಎದ್ದು ನಿಂತ. ನಮ್ಮಣ್ಣ ಅಂತ ಕೈ ಒಂದಿಷ್ಟು ಅವಸರ ಮಾಡಬಹುದು, ಇದನ್ನು ನಾನು ಬಿಡುವುದಿಲ್ಲ, ನೀನು ಬಿಡು ಎಂದು ಹೇಳಿ ನನ್ನನ್ನು ಕೂಡ್ರಿಸಿ ತಾನು ಪಕ್ಕಕ್ಕೆ ಸರಿದ.

ನಾನು ಫೋನು ತಿರುವಿದೆ. ಸುನಂದಾ ಬೋರಗಾಂವಕ್ಕೆ ಸೋದರತ್ತೆಯ ಮನೆಗೆ ಹೋಗಿದ್ದಳು. ಅವತ್ತು ಪೂಜೆ ಬೇಗ ಮುಗಿಸಿ ಫೋನಿನ ಹತ್ತಿರ ಕೂತವರು ಸಾಕ್ಷಾತ್ ರಾಯಗೌಡರು. ಅವರ ದನಿ ಕೇಳಿದ್ದೇ ನಾನು ಕೂತಲ್ಲೇ ಎದ್ದು ನಿಂತೆ. ಗೌಡ್ರ, ಕುರಿ ಹಿಂಡು ಬಿಡಾಕತ್ತೇನ್ರಿ, ಆ ಕಡಿಂದ ಅನ್ನುವಷ್ಟರಲ್ಲಿ ಅವರು ಹೂಂ ಹೂಂ, ಗೊತ್ತೈತಿ ಬಿಡು, ಚಹಾ ಕುಡದೀಯೇನು ಅಂದರು. ನಾನು ಕುಡಿದಿರಲಿಲ್ಲ. ಆದರೂ ಹೂಂ ರಿ ಅಂದೆ. ಫೋನು ಇಟ್ಟರು.

ತಿರುಗಿ ಹೇಳಿದ್ರೇನು ಎಂದು ಕಾಕಾ ಕೇಳಿದ.

ಮಾವನಾಗಬೇಕಾದ ಮನುಷ್ಯನಿಗೆ, ನಾನು ಏನು ಹೇಳಿದೆ ಒಪ್ಪಿಸಿರಿ ಎಂದು ಹೇಗೆ ಕೇಳಲಿ? ಗೌಡರಿಗೆ ಹೂಂ ಅಂದ ಬಾಯಿಯಿಂದಲೇ ಕಾಕಾನಿಗೂ ಹೂಂ ಅಂದೆ. ಚೀಟಿಯನ್ನು ನಡುವಿನ ಅಂಕಣಕ್ಕೆ ಸರಿಸಿದೆ. ಬೀರಪ್ಪ ಹಿಂಡು ಕರೆದುಕೊಂಡು ಮಂಜಿನೊಳಗೆ ಹೋದ. ಸ್ವಲ್ಪ ಹೊತ್ತು ಕೊರಳ ಗಂಟೆಗಳ ಸಪ್ಪಳ ಕೇಳಿಸಿತು, ಆಮೇಲೆ ಅದೂ ಇಲ್ಲ.

ಐದು ನಿಮಿಷವಾಗಿರಬೇಕು. ಆಚೆ ದಂಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಆ ಸದ್ದು ಪಂಪ್‌ಮನೆಯ ಹತ್ತಿರ ನಿಲ್ಲಬೇಕಿತ್ತು. ನಿಲ್ಲದೆ ನಮ್ಮ ಕಡೆಗೆ ಬರತೊಡಗಿತು. ನನ್ನ ಅರ್ಧ ಮಾತಿಗೇ ಹೂಂ ಅಂದ ಗೌಡರು ತಮ್ಮ ಟ್ರ್ಯಾಕ್ಟರನ್ನು ತಡೆದಿರಲಿಲ್ಲ. ಕಾಕಾ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು. ಅವನು ಸುತ್ತಿಗೆ ತಗೊಂಡು ಕಂಬಿಯನ್ನು ಮೂರು ಸಲ ಬಡಿದ. ಮತ್ತೆ ಮೂರು ಸಲ. ಫೋನು ತಿರುವಿ ಗೌಡರಿಗೆ, ಇನ್ನು ಯಾರನ್ನೂ ಬಿಡಬ್ಯಾಡ್ರಿ, ಫೋನ್ ಕೆಳಗ ಇಡಬ್ಯಾಡ್ರಿ ಎಂದು ಹೇಳಿ, ಅವರಿಂದ ತಿರುಗಿ ಹೇಳಿಸುವಷ್ಟೂ ಪುರುಸೊತ್ತಿಲ್ಲದೆ ಇಳಿದು ಓಡಿದ. ಹಿಂದೆ ನಾನು.

ಮಂಜಿನಲ್ಲಿ ಬಾಂದಾರದ ಮೇಲೆ ಓಡುವುದೆಂದರೆ ಎಡಕ್ಕೆ ನೀರು, ಬಲಕ್ಕೆ ಬಂಡೆ, ಎರಡೂ ಕಾಣುವುದಿಲ್ಲ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಮದುವೆ, ನೌಕರಿ ಯಾವುದೂ ನೆನಪಿರಲಿಲ್ಲ. ಕಂಬಳಿಯೊಳಗೆ ಮರಿ ಇಟ್ಟುಕೊಂಡು ನಾನು ಹೋಗೆಂದದ್ದಕ್ಕೆ ಹೋದ ಮುದುಕ ಒಬ್ಬನೇ ಕಣ್ಣ ಮುಂದಿದ್ದ. ಮುಂದೆ ಬ್ರೇಕು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ದಗಡುವಿನ ದನಿ, ನಿಲ್ಲಿ ನಿಲ್ಲಿ, ಕುರಿಗಳಿವೆ ಎಂದು ಮರಾಠಿಯಲ್ಲಿ.

"ಥಾಂಬಾ, ಥಾಂಬಾ. ಮೇಂಢರಂ ಆಹೇತ."

ನಾವು ಮುಟ್ಟಿದಾಗ ಕಂಡದ್ದು ಇದು. ಕಬ್ಬು ಹೇರಿದ ಟ್ರ್ಯಾಕ್ಟರು ಒದ್ದೆ ಕಲ್ಲಿನ ಮೇಲೆ ಜಾರಿ ಓರೆಯಾಗಿ ನಿಂತಿತ್ತು. ಮುಂದಿನ ಒಂದು ಗಾಲಿಗೂ ನೀರಿಗೂ ನಡುವೆ ಒಂದು ಗೇಣು. ಕಂಬಿಯ ಸದ್ದಿಗೆ ದಗಡು ಬ್ರೇಕು ತುಳಿಯದೆ ಇದ್ದಿದ್ದರೆ ಆ ಗೇಣೂ ಇರುತ್ತಿರಲಿಲ್ಲ. ಎದುರಿಗೆ ಬೀರಪ್ಪ, ಹೋರಿಯ ಹಣೆಗೆ ಕೈಯಿಡುವ ಹಾಗೆ ಟ್ರ್ಯಾಕ್ಟರಿನ ಮೂತಿಗೆ ಅಂಗೈ ಕೊಟ್ಟು ನಿಂತಿದ್ದ. ಸುತ್ತ ಕುರಿಗಳು. ಅವಕ್ಕೆ ಯಾವ ಗಾಬರಿಯೂ ಇರಲಿಲ್ಲ. ಟ್ರೇಲರಿನಿಂದ ಜೋತುಬಿದ್ದ ಕಬ್ಬಿನ ಸೋಗೆಯನ್ನು ಕಾಲೆತ್ತಿ ಎಳೆದು ತಿನ್ನುತ್ತಿದ್ದವು.

"ಏನೋ ಮಾಳ್ಯಾ," ಬೀರಪ್ಪ ತಮ್ಮನನ್ನು ಕೇಳಿದ, "ನಿನ್ನ ಆಕಾಶದಾಗೂ ಹಿಂಗ ಬಿಡತಿದ್ರೇನು?"

ಕಾಕಾ ಅಣ್ಣನ ಹೆಗಲ ಮೇಲೆ ಕೈಯಿಟ್ಟ. ಕಂಬಳಿ ಸರಿಸಿ ಒಳಗಿನ ಮರಿಯನ್ನೊಮ್ಮೆ ಮುಟ್ಟಿ ನೋಡಿದ. ಆಮೇಲೆ ಮತ್ತೆ ಟವರಿನ ಮನುಷ್ಯನಾಗಿ, ಯಾರೂ ಮಾತಾಡಬಾರದು, ಮಾತು ನನ್ನದೊಂದೇ ಅಂದ. ದಗಡುವಿಗೆ ಕೂತಲ್ಲೇ ಬ್ರೇಕು ತುಳಿದು ಹಿಡಿಯಲು ಹೇಳಿದ, ಗಾಲಿಗೆ ಕಲ್ಲು ಕೊಡಿಸಿದ. ಟ್ರ್ಯಾಕ್ಟರಿಗೂ ಬಂಡೆಯ ಅಂಚಿಗೂ ನಡುವಿನ ಸಂದಿಯಲ್ಲಿ ಕುರಿಗಳನ್ನು ಒಂದೊಂದಾಗಿ ದಾಟಿಸಿದ, ಎರಡರ ನಡುವೆ ಒಂದು ಮಾರು ಅಂತರ ಬಿಟ್ಟು. ಇನ್ನೂರರಲ್ಲಿ ಒಂದು ಟಗರು ಮಾತ್ರ ತನ್ನ ಸರದಿಗೆ ಕಾಯಲಾರದೆ ಇನ್ನೊಂದು ಮಗ್ಗುಲಿಗೆ ನುಗ್ಗಿ ನೀರಿಗೆ ಬಿತ್ತು. ಅದು ಈಜಿಕೊಂಡು ಆಚೆ ದಂಡೆ ಹತ್ತಿ, ಅಲ್ಲಿ ಫೋನು ಕೈಯಲ್ಲಿ ಹಿಡಿದುಕೊಂಡೇ ಪಂಪ್‌ಮನೆಯ ಬಾಗಿಲಲ್ಲಿ ನಿಂತಿದ್ದ ಗೌಡರನ್ನು ಕಂಡು, ಇದಕ್ಕೆಲ್ಲ ಕಾರಣ ಇವರೇ ಎಂದು ತಿಳಿದುಕೊಂಡಿತೋ ಏನೋ, ತಲೆ ತಗ್ಗಿಸಿ ಬಂತು. ಫೋನು ಕೆಳಗೆ ಇಡಬೇಡಿ ಎಂದಿದ್ದರಿಂದ ಗೌಡರು ಓಡಲೂ ಇಲ್ಲ. ಅವರ ಧೋತರದ ಅರ್ಧ ಟಗರಿನ ಕೊಂಬಿಗೆ ಹೋಯಿತು.

ಮಂಜು ಇಳಿದ ಮೇಲೆ ಗೌಡರು ಬೇರೆ ಧೋತರ ಉಟ್ಟು ಈಚೆ ದಂಡೆಗೆ ಬಂದರು. ಜಗಳಕ್ಕೇ ಬಂದಿದ್ದರು; ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಅವರು ಬಾಯಿ ತೆಗೆಯುವ ಮೊದಲು ಕಾಕಾ ನನ್ನ ಕಡೆ ಬೆರಳು ಮಾಡಿದ.

"ತಪ್ಪು ನಿಮ್ಮದಲ್ಲ ಗೌಡ್ರ, ಇವಂದು. ನೀವು ಹೂಂ ಅಂದ್ರಿ, ಇವ ಮರ್ಯಾದಿಗೆ ಬಿದ್ದು ಬಿಟ್ಟ. ಇವನ ಮರ್ಯಾದಿ ಇವತ್ತ ನಮ್ಮಣ್ಣನ್ನ ಹೊಳಿಗೆ ಹಾಕತಿತ್ತು."

ಅಲ್ಲಿ ಹತ್ತು ಜನ ಇದ್ದರು. ನಾನು ತಲೆ ಎತ್ತಲಿಲ್ಲ. ನಾಳೆಯಿಂದ ನೀನು ಹೇಳು, ಅವರು ತಿರುಗಿ ಹೇಳದಿದ್ದರೆ ಒಂದು ಆಡಿನ ಮರಿಯೂ ಕದಲುವುದಿಲ್ಲ, ನೀನು ಕೇಳಲಾರೆ ಅಂದರೆ ಅಟ್ಟಣಿಗೆ ಹತ್ತಬೇಡ ಎಂದು ಕಾಕಾ ಹೇಳಿದ. ಗೌಡರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಆವತ್ತು ಸಂಜೆ ನಾನು ನಮ್ಮವ್ವನಿಗೆ ಕಾಗದ ಬರೆದೆ. ಬೇರೆ ಕಡೆ ಹೆಣ್ಣು ನೋಡು ಎಂದು ಬರೆದು, ಹಾಕಲು ಧೈರ್ಯವಾಗದೆ ಕಿಸೆಯಲ್ಲಿ ಇಟ್ಟುಕೊಂಡೆ.

ಮರುದಿನವೂ ಅಷ್ಟೇ ಮಂಜು. ಒಂದು ಚಕ್ಕಡಿ ಕಾಯುತ್ತಿತ್ತು. ಕಾಕಾ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಸುನಂದಾ ಬೋರಗಾಂವದಿಂದ ಬಂದಿರಬೇಕು, ಅವಳೇ ಎತ್ತಲಿ ದೇವರೇ ಎಂದುಕೊಂಡು ಫೋನು ತಿರುವಿದೆ. ಎತ್ತಿದವರು ಗೌಡರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ಹೂಂ ಅಂದರು.

"ಹೂಂ ಸಾಲೂದಿಲ್ರಿ ಗೌಡ್ರ," ಅಂದೆ. "ನಾ ಏನಂದೆ, ಹೇಳ್ರಿ."

ತಂತಿ ಮಾತ್ರ ಗುಂಯ್ ಅನ್ನುತ್ತಿತ್ತು. ಅವರ ಸುತ್ತ ಆಳುಗಳಿದ್ದರು, ಗಾಡಿಯವರಿದ್ದರು, ಎಲ್ಲರೂ ಕೇಳುತ್ತಿದ್ದರು. ಒಂದು ಕೆಮ್ಮು ಬಂತು. ಏನಂದಿ, ಮತ್ತೊಮ್ಮೆ ಹೇಳು ಅಂದರು. ನಾನು ಮತ್ತೊಮ್ಮೆ ಹೇಳಿದೆ. ಆಮೇಲೆ ಆ ದೊಡ್ಡ ಮನುಷ್ಯರು, ಇನ್ಸ್‌ಪೆಕ್ಟರ ಎದುರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ಒಂದೊಂದೇ ಶಬ್ದ ಎತ್ತಿಟ್ಟರು.

"ಚಕ್ಕಡಿ... ಒಂದು. ಈ ಕಡಿಂದ... ಯಾರನ್ನೂ ಬಿಡೂದಿಲ್ಲ." ಸ್ವಲ್ಪ ತಡೆದರು. ಹಿಂದಿನಿಂದ ಯಾರೋ ಹೆಣ್ಣುಮಗಳು ಮೆಲ್ಲಗೆ ಹೇಳಿಕೊಟ್ಟದ್ದು ನನಗೆ ಕೇಳಿಸಿತು. "ಬಾಂದಾರ ನಿಮ್ಮದು."

ನಾನು ಚೀಟಿಯನ್ನು ನಡುವಿನ ಅಂಕಣಕ್ಕೆ ಸರಿಸಿದೆ. ಕಾಕಾ ಚಹಾ ತರಿಸಿದ. ಕಿಸೆಯ ಕಾಗದವನ್ನು ಮಾತ್ರ ನಾನು ಹರಿಯಲಿಲ್ಲ. ಗೌಡರು ನೇಮಕ್ಕೆ ಮಣಿದಿದ್ದರೇ ಹೊರತು ನನಗೆ ಮಣಿದಿರಲಿಲ್ಲ.

ಆಮೇಲೆ ಗೌಡರಿಗೆ ಅದರ ಹುಚ್ಚೇ ಹಿಡಿಯಿತು. ಹೊಸದಾಗಿ ಭಕ್ತರಾದವರ ಭಕ್ತಿ ನಿಮಗೆ ಗೊತ್ತಿದ್ದದ್ದೇ. ಆಳುಗಳು ಹೂಂ ಅಂದರೆ ಸಿಡಿದೇಳುತ್ತಿದ್ದರು. ಬೇಳೆಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿ, ನಾ ಏನಂದೆ ಹೇಳು ಎಂದು ಹೆಂಡತಿಯನ್ನು ಕೇಳಿ ಎರಡು ದಿನ ಬರೀ ಮಜ್ಜಿಗೆ ಉಂಡರೆಂದು ಸುದ್ದಿ. ಮಂಜು ಹೋಗಿ ಬಿಸಿಲು ಬಂತು, ಬೀರಪ್ಪನ ಕಂಬಳಿಯೊಳಗಿದ್ದ ಮರಿ ಬಾಂದಾರದ ಮೇಲೆ ತನ್ನ ಕಾಲಿನಿಂದಲೇ ತಿರುಗಿ ಬಂತು. ಮಾರ್ಚಿನ ಕೊನೆಗೆ ಆಚೆಯ ಕಬ್ಬು ಮುಗಿಯಿತು. ಮೊದಲ ವಾರದ ಆ ಮುಖಾಮುಖಿ ಬಿಟ್ಟರೆ, ಕುರಿಗಳ ಆ ಒಂದು ಬೆಳಿಗ್ಗೆ ಬಿಟ್ಟರೆ, ಇಡೀ ಹಂಗಾಮಿನಲ್ಲಿ ಬಾಂದಾರದ ಮೇಲೆ ಒಬ್ಬರಿಗೊಬ್ಬರು ಎದುರಾಗಲಿಲ್ಲ. ಕಾಕಾ ಹಲಗೆಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದ.

ಯುಗಾದಿಯಾದ ಮೇಲೆ ನಮ್ಮಪ್ಪ, ನಾನು, ಮತ್ತು ನಾಲ್ಕು ಜನ ಹಿರಿಯರು ಗೌಡರ ಮನೆಗೆ ಹೋದೆವು. ನನ್ನ ಒತ್ತಾಯಕ್ಕೆ ಕಾಕಾನೂ ಬಂದ. ನಮ್ಮಪ್ಪ ಸಂಕೋಚದ ಮನುಷ್ಯ. ದೊಡ್ಡ ಮನೆಯ ಪಡಸಾಲೆಯಲ್ಲಿ ಜಮಖಾನೆಯ ತುದಿಗೆ ಕೂತಿದ್ದ. ಗೌಡರು ಬಹಳ ಹೊತ್ತು ಮಳೆ, ಬೆಳೆ ಮಾತಾಡಿದರು. ನನ್ನ ಕಡೆ ನೋಡಲೂ ಇಲ್ಲ. ಕಿಸೆಯ ಕಾಗದ ಅಂಚೆಗೆ ಹಾಕಿದ್ದರೇ ಒಳ್ಳೆಯದಿತ್ತು ಎಂದು ನಾನು ಅಂದುಕೊಳ್ಳುವ ಹೊತ್ತಿಗೆ ಅವರು ಗಂಟಲು ಸರಿಮಾಡಿಕೊಂಡರು.

"ನಂಗ ಎದುರು ನಿಂತು ತಿರುಗಿ ಹೇಳ್ರಿ ಅಂದಾವ ಈ ಹುಡುಗ ಒಬ್ಬನ. ಮಗಳನ್ನ ಕೊಡ್ತೀನಿ. ಹುಣ್ಣಿವಿ ಮುಂದ ಮದಿವಿ, ಇಲ್ಲೇ ನಮ್ಮ ಅಂಗಳದಾಗ."

ನಮ್ಮಪ್ಪನಿಗೆ ಕಣ್ಣಲ್ಲಿ ನೀರು ಬಂತು. ಎರಡೂ ಕೈ ಜೋಡಿಸಿ ಹೂಂ ರಿ ಅಂದ.

ಗೌಡರು ಅಲ್ಲಾಡಲಿಲ್ಲ. ಹೂಂ ಸಾಲೂದಿಲ್ರಿ, ನಾ ಏನಂದೆ ಹೇಳ್ರಿ ಅಂದರು. ನಮ್ಮಪ್ಪ ಗಾಬರಿಯಾಗಿ ಸುತ್ತ ನೋಡಿದ. ಬೀಗರ ಮನೆಯಲ್ಲಿ ಅವರ ಮಾತನ್ನು ಅವರಿಗೇ ಹೇಳುವುದೆಂದರೆ ಅವನ ಪ್ರಾಣಕ್ಕೆ ಬಂದಿತ್ತು. ಕಾಕಾ ಹಿಂದಿನಿಂದ ಅವನ ಬೆನ್ನಿಗೆ ಕೈಯಿಟ್ಟ. ನಮ್ಮಪ್ಪ ತಡವರಿಸುತ್ತ, ಮಗಳನ್ನ ಕೊಡ್ತೀರಿ, ಹುಣ್ಣಿವಿ ಮುಂದ, ನಿಮ್ಮ ಅಂಗಳದಾಗ ಎಂದು ಒಪ್ಪಿಸಿದ. ಗೌಡರು ಒಂದೊಂದಕ್ಕೂ ತಲೆ ಹಾಕಿ ಎಣಿಸಿಕೊಂಡು, ಬಾಗಿಲ ಸಂದಿಯ ಕಡೆ ನೋಡಿ, ಬೆಲ್ಲ ತರಲು ಹೇಳಿದರು.

ಕೆಲವು ವರ್ಷಕ್ಕೆ ಅಗಲವಾದ ಸೇತುವೆ ಬಂತು, ಅಟ್ಟಣಿಗೆ ಒಲೆಗೆ ಹೋಯಿತು. ಕಾಕಾ ಅಣ್ಣನ ಜೊತೆ ಕುರಿ ಕಾಯುತ್ತ ಕೊನೆಗಾಲ ಕಳೆದ. ವಿಮಾನ ಹತ್ತಿಸುತ್ತೇನೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಈಗ ಅವನಿಲ್ಲ. ಅವನನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅಣ್ಣನ ಹೆಗಲ ಮೇಲೆ ಇಟ್ಟ ಆ ಕೈ.

ವಿಮಾನದೊಳಗೆ ಕೋಟಿನ ಮನುಷ್ಯ ಇನ್ನೂ ಗೊಣಗುತ್ತಿದ್ದ. ಆಗ ಮಂಜಿನೊಳಗಿಂದ, ನಮ್ಮ ಎದುರಿಗೇ, ಇನ್ನೊಂದು ವಿಮಾನ ದೀಪ ಉರಿಸಿಕೊಂಡು ಇಳಿದು ಬಂದು ಹಾದುಹೋಯಿತು. ಅಷ್ಟು ದೊಡ್ಡದು, ಅದು ಅಲ್ಲೇ ಇದ್ದದ್ದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೋಟಿನ ಮನುಷ್ಯ ಸುಮ್ಮನಾದ. ಸ್ವಲ್ಪ ಹೊತ್ತಿಗೆ ನಮ್ಮ ವಿಮಾನ ಮೆಲ್ಲಗೆ ಕದಲಿತು.

ಹೆಂಡತಿಯ ಮೊಣಕೈ ಮುಟ್ಟಿ, ನಮ್ಮನ್ನ ಬಿಟ್ರು ನೋಡು ಸುನಂದಾ ಅಂದೆ. ಅವಳು ಕಣ್ಣು ತೆರೆಯಲಿಲ್ಲ. ನಿದ್ದೆಗಣ್ಣಿನಲ್ಲೇ, ಒಂಚೂರೂ ಅವಸರವಿಲ್ಲದೆ ಅಂದಳು:

"ನಮ್ಮನ್ನ ಬಿಟ್ರು. ಬಾಂದಾರ ನಿಮ್ಮದು."